ಓಂ ಬೀಚಿನಲ್ಲಿ ಸಾವಿರ ಫೋಟೋ, ಅಜ್ಜಿಯದು ಒಂದೂ ಇಲ್ಲ!

ಗೋಕರ್ಣದ ಓಂ ಬೀಚಿನಲ್ಲಿ ಒಂದು ಸಂಜೆಗೆ ಎಷ್ಟು ಫೋಟೋ ತೆಗೆಯುತ್ತಾರೆ? ಲೆಕ್ಕ ಇಟ್ಟವರಿಲ್ಲ, ಇಡಲು ಸಾಧ್ಯವೂ ಇಲ್ಲ. ಮೇಲಿನ ಗುಡ್ಡದಿಂದ ಹಿಡಿದು ನಡುವಿನ ಕರಿಬಂಡೆಯ ತನಕ ಎಲ್ಲರ ಕೈಯೂ ಮೇಲಕ್ಕೆ. ಹುಬ್ಬಳ್ಳಿಯವರು, ಬೆಂಗಳೂರಿನವರು, ಯಾವುದೋ ಸೀಮೆಯ ಬಿಳಿಯರು. ಹೊತ್ತು ಮುಳುಗುವುದನ್ನು ಬರಿಗಣ್ಣಿನಿಂದ ನೋಡಿದವರಿಗಿಂತ ಮೊಬೈಲಿನಲ್ಲಿ ನೋಡಿದವರೇ ಹೆಚ್ಚು. ಇರಲಿ, ದುಡ್ಡು ಕೊಟ್ಟು ಬಂದಿದ್ದಾರೆ, ತೆಗೆಯಲಿ.

ಆದರೆ ಅದೇ ಗುಡ್ಡದ ಈಚೆ, ಕೇರಿಯೊಳಗಿನ ಮನೆಗಳಿಗೆ ಹೋಗಿ, "ನಿಮ್ಮ ಅಜ್ಜಿಯದು ಒಂದು ಫೋಟೋ ಉಂಟೋ?" ಎಂದು ಕೇಳಿದರೆ ಮನೆಯವರು ಮುಖ ಮುಖ ನೋಡುತ್ತಾರೆ. ಆಮೇಲೆ ಸೊಸೆ ಒಳಗೆ ಹೋಗಿ ಡಬ್ಬಿ ತಡಕಿ ತರುವುದು ಏನನ್ನು? ಚುನಾವಣೆಯ ಗುರುತಿನ ಚೀಟಿ! 1993ರಲ್ಲಿ ಶೇಷನ್ ಸಾಹೇಬರು ಹಟ ಹಿಡಿದು ಮತದಾರರಿಗೆ ಫೋಟೋ ಚೀಟಿ ಕೊಡಲು ಹೊರಟರಲ್ಲ, ಆ ಪುಣ್ಯದಿಂದ ಎಷ್ಟೋ ಮುದುಕಿಯರ ಮುಖ ಉಳಿದಿದೆ. ಸತ್ತ ಮೇಲೆ ಆ ಹೆಬ್ಬೆಟ್ಟಿನಗಲದ ಚಿತ್ರವನ್ನೇ ಸ್ಟುಡಿಯೋದವನ ಹತ್ತಿರ ದೊಡ್ಡದು ಮಾಡಿಸಿ, ಹಾರ ಹಾಕಿ ಜಗಲಿಯ ಗೋಡೆಗೆ ತೂಗು ಹಾಕುವುದು. ದೊಡ್ಡದು ಮಾಡಿದಷ್ಟೂ ಮುಖ ಮಸುಕು.

ಹಾಗಂತ ಆ ಅಜ್ಜಿಯ ಫೋಟೋವನ್ನು ಯಾರೂ ತೆಗೆಯಲೇ ಇಲ್ಲವೇ? ತೆಗೆದಿದ್ದಾರೆ. ಗೋವೆ ತುಂಬಿ ತುಳುಕಿದ ಮೇಲೆ ದಕ್ಷಿಣಕ್ಕೆ ಇಳಿದ ಹಿಪ್ಪಿಗಳು, ಅವರ ಹಿಂದೆ ಬಂದ ಪ್ರವಾಸಿಗಳು ತೆಗೆದಿದ್ದಾರೆ. ಕುಡ್ಲೆ, ಓಂ ಬೀಚುಗಳಿಗೆ ವಾಹನ ಬಾರದ ಕಾಲದಲ್ಲಿ ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡು ನಡೆದು ಬರುತ್ತಿದ್ದವರು ಅವರೇ. ತಲೆ ಮೇಲೆ ಮೀನಿನ ಬುಟ್ಟಿ ಹೊತ್ತವಳು, ಕೊರಳು ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸು, ಬಲೆ ಎಳೆಯುವ ಗಂಡಸರು, ಬತ್ತಲೆ ಮಕ್ಕಳು ಎಲ್ಲ ಅವರ ಕ್ಯಾಮೆರಾದೊಳಗೆ ಹೋದರು. ನಮ್ಮೂರಿನ ಅಜ್ಜಿಯರು ಈಗ ಪ್ಯಾರಿಸ್ಸಿನಲ್ಲೋ ಬರ್ಲಿನ್ನಿನಲ್ಲೋ ಯಾರದೋ ಅಟ್ಟದ ಮೇಲಿನ ಆಲ್ಬಮ್ಮಿನಲ್ಲಿ ಕೂತಿದ್ದಾರೆ. ಕೆಳಗೆ ಏನು ಬರೆದಿದ್ದಾರು? "ಗೋಕರ್ಣ, ಇಂಡಿಯಾ" ಅಷ್ಟೇ. ಹೆಸರಿಲ್ಲ.

ಹೆಸರಿಲ್ಲದ ಫೋಟೋ ಎಂದರೆ ವಿಳಾಸವಿಲ್ಲದ ಕಾಗದ. ಎಲ್ಲಿಗೂ ಮುಟ್ಟುವುದಿಲ್ಲ.

ಎರಡು ತಿಂಗಳಲ್ಲಿ ಇಬ್ಬರು

ಈ ಮಾತು ಈಗ ಯಾಕೆ ಬಂತು ಎಂದರೆ, ಜಿಲ್ಲೆಯ ಜನರಿಗೆ ನೆನಪಿದೆ. 2024ರ ಡಿಸೆಂಬರ್ 16ರಂದು ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡರು. ಎರಡು ತಿಂಗಳು ತುಂಬುವ ಮುಂಚೆ, 2025ರ ಫೆಬ್ರುವರಿಯಲ್ಲಿ ಅದೇ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಇಬ್ಬರೂ ಹಾಲಕ್ಕಿಯವರು, ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಒಬ್ಬರ ತಲೆಯಲ್ಲಿ ಕಾಡು, ಇನ್ನೊಬ್ಬರ ತಲೆಯಲ್ಲಿ ಹಾಡು.

ಇವರದ್ದು ಪುಣ್ಯ. ಸುಕ್ರಜ್ಜಿಯ ಹಾಡುಗಳನ್ನು ಕಾರವಾರ ಆಕಾಶವಾಣಿ ಧ್ವನಿಮುದ್ರಿಸಿಕೊಂಡಿತು, ಪಂಡಿತರು ಬರೆದುಕೊಂಡರು, ಟಿವಿಯವರು ಬಂದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸಸಿ ಎಬ್ಬಿಸುತ್ತಿದ್ದ ತುಳಸಜ್ಜಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ ನಡೆದ ಚಿತ್ರವನ್ನು ದೇಶವೇ ನೋಡಿತು. ಆದರೆ ಒಂದು ಮಾತು. ಪ್ರಶಸ್ತಿ ಬಂದ ಮೇಲೆ ಬಂದವರೆಲ್ಲ ಕೇಳಿದ್ದು ಹೆಚ್ಚು ಕಡಿಮೆ ಅದೇ ಹತ್ತು ಪ್ರಶ್ನೆ. "ಪ್ರಶಸ್ತಿ ಬಂತಲ್ಲ, ಹೇಗನಿಸುತ್ತದೆ?" ಎಂದು ಕೇಳಿದರೆ ಅಜ್ಜಿ "ಸಂತೋಷ ಆತು" ಎನ್ನದೆ ಇನ್ನೇನು ಎಂದಾಳು? ಮರಕ್ಕೆ ಬೀಜ ಬಲಿತದ್ದು ಹೇಗೆ ಗೊತ್ತಾಗುತ್ತದೆ, ಯಾವ ಬೀಜವನ್ನು ಎಷ್ಟು ದಿನ ನೆನೆ ಹಾಕಬೇಕು, ಮೊದಲ ದಿನ ನರ್ಸರಿಗೆ ಕೆಲಸಕ್ಕೆ ಹೋದಾಗ ಕೂಲಿ ಎಷ್ಟು ಕೊಟ್ಟರು, ಮನೆಗೆ ಬಂದು ಆ ದುಡ್ಡಿನಲ್ಲಿ ಏನು ತಂದೆ — ಇದನ್ನು ಕೂತು ಕೇಳಲು ಪುರುಸೊತ್ತು ಬೇಕು. ಕ್ಯಾಮೆರಾದವರಿಗೆ ಅಂಕೋಲೆಯಿಂದ ಸಂಜೆಯ ಬಸ್ಸು ತಪ್ಪುವ ಚಿಂತೆ.

ಪದ್ಮಶ್ರೀ ಬಂದವರ ಕತೆಯೇ ಹೀಗೆ. ಬಾರದವರ ಕತೆ?

ಹಾಡಿಗೆ ಹತ್ತು ಬಾಯಿ

ನಮ್ಮ ಜಿಲ್ಲೆಯಲ್ಲಿ ಸಂಗ್ರಹದ ಕೆಲಸ ನಡೆದೇ ಇಲ್ಲ ಎಂದರೆ ನಾಲಗೆ ಸುಟ್ಟೀತು. ಕುಮಟೆಯ ಡಾ. ಎಲ್. ಆರ್. ಹೆಗಡೆಯವರು ಊರೂರು ಸುತ್ತಿ ಜನಪದ ಹಾಡು, ಕತೆ ಕಲೆಹಾಕಿದರು. ಹೊನ್ನಾವರದ ಡಾ. ಎನ್. ಆರ್. ನಾಯಕ, ಶಾಂತಿ ನಾಯಕ ದಂಪತಿ ಇದನ್ನೇ ಜೀವನದ ಕೆಲಸ ಮಾಡಿಕೊಂಡರು. ಗೋಕರ್ಣದಲ್ಲಿ ವೇದೇಶ್ವರರು ಸ್ಟಡಿ ಸರ್ಕಲ್ ಎಂಬ ಗ್ರಂಥಾಲಯ ಕಟ್ಟಿ ರಾಶಿ ರಾಶಿ ಪುಸ್ತಕ ಕೂಡಿಟ್ಟರು. ಪಕ್ಕದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಗೆ ಹೋಗಿ ಕೂತರೂ ಬರೆದದ್ದು ಹನೇಹಳ್ಳಿಯನ್ನೇ. ಆ ಊರಿನ ಓಣಿ, ಬೇಣ, ಜಗಲಿ ಎಲ್ಲ ಕತೆಯೊಳಗೆ ಹೊಕ್ಕು ಉಳಿದವು. ಎಲ್ಲ ಊರಿಗೂ ಒಬ್ಬೊಬ್ಬ ಚಿತ್ತಾಲರು ಹುಟ್ಟುವುದಿಲ್ಲವಲ್ಲ.

ದಕ್ಷಿಣ ಕನ್ನಡದವರು ಇನ್ನೂ ಒಂದು ಹೆಜ್ಜೆ ಮುಂದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಸೇರಿ ಗೋಪಾಲ ನಾಯ್ಕರೆಂಬ ತುಳು ರೈತರ ಎದುರು ಯಂತ್ರ ಇಟ್ಟುಕೊಂಡು ದಿನಗಟ್ಟಲೆ ಕೂತರು. ನಾಯ್ಕರು ಹಾಡಿದರು, ಅವರು ಮುದ್ರಿಸಿಕೊಂಡರು. 1998ರಲ್ಲಿ ಪುಸ್ತಕವಾದಾಗ ಆ ಸಿರಿ ಕಾವ್ಯ 15,683 ಸಾಲು! ಒಬ್ಬ ಮನುಷ್ಯನ ನೆನಪಿನಲ್ಲಿ ಇಷ್ಟು ಇತ್ತು ಎಂದು ಲೋಕಕ್ಕೆ ಗೊತ್ತಾದದ್ದು ಕೇಳುವವರು ಪುರುಸೊತ್ತು ಮಾಡಿಕೊಂಡು ಕೂತದ್ದರಿಂದ.

ಆದರೆ ಹಾಡು ಬೇರೆ, ಬದುಕು ಬೇರೆ. ಹಾಡು ಹತ್ತು ಬಾಯಲ್ಲಿ ಇರುತ್ತದೆ. ಸುಕ್ರಿ ಹೋದರೆ ನಾಗಿಗೆ ಬರುತ್ತದೆ, ನಾಗಿ ಮರೆತರೆ ಬೊಮ್ಮಿಗೆ ಬರುತ್ತದೆ. ಒಬ್ಬಳು ಮದುವೆಯಾಗಿ ಯಾವ ತಾರಿ ದಾಟಿ ಬಂದಳು, ಎಷ್ಟು ಹೆತ್ತಳು, ಎಷ್ಟು ಉಳಿದವು, ಗಂಡ ದೋಣಿ ತೆಗೆದುಕೊಂಡು ಹೋದವನು ಬಾರದ ರಾತ್ರಿ ಏನು ಮಾಡಿದಳು ಎನ್ನುವುದಕ್ಕೆ ಒಂದೇ ಬಾಯಿ. ಆ ಬಾಯಿ ಮುಚ್ಚಿದರೆ ಮುಗಿಯಿತು.

ತಾಮ್ರಪಟ ಇದ್ದವರು, ಇಲ್ಲದವರು

ಈ ಕಡೆಯ ಹಳೆಯ ಮನೆಗಳ ಟ್ರಂಕು ತೆಗೆಸಿದರೆ ಬರುವ ಸಾಮಾನು ನೋಡಬೇಕು. ಮೊದಲು ಬರುವುದು ತಾಮ್ರಪಟ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿ ಹಬ್ಬಕ್ಕೆ ಇಂದಿರಾ ಗಾಂಧಿಯವರ ಸರಕಾರ ಹೋರಾಟಗಾರರಿಗೆ ಕೊಟ್ಟದ್ದು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರ ಕಡೆ ಕರನಿರಾಕರಣೆ ನಡೆಯಿತು. ಆಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಭೂಮಿ ಜಪ್ತಾಯಿತು, ಪಾತ್ರೆ ಪಗಡ ಹರಾಜಾಯಿತು, ಗಂಡಸರು ಹಿಂಡಲಗಿ, ಯರವಡಾ ಎಂದು ಜೈಲಿಗೆ ಹೋದರು. ಹೋದವರಿಗೆ ನಾಲ್ಕು ದಶಕದ ಮೇಲೆ ತಾಮ್ರಪಟ ಬಂತು, ಪಿಂಚಣಿ ಬಂತು. ಬರಲೇಬೇಕಿತ್ತು.

ಮನೆಯಲ್ಲಿ ಉಳಿದವಳು? ಎಮ್ಮೆ ಜಪ್ತಾದ ಮೇಲೆ ಮಕ್ಕಳಿಗೆ ಏನು ಕುಡಿಸಿದಳು? ಯಾರ ಮನೆಯ ಕೊಟ್ಟಿಗೆಯಲ್ಲಿ ಮಲಗಿಸಿದಳು? ಜಪ್ತಿ ಮಾಲು ಕೊಂಡವರ ಮನೆ ಬಾಗಿಲಲ್ಲಿ ಉಪವಾಸ ಕೂತ ಹೆಂಗಸರ ನೆನಪಿಗೆ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಸ್ಮಾರಕ ಇದೆ. ಜೋಗಕ್ಕೆ ಹೋಗುವವರು ಕಾರು ನಿಲ್ಲಿಸದೆ ದಾಟಿ ಹೋಗುತ್ತಾರೆ. ಕಲ್ಲು ಇದೆ, ಆದರೆ ಆ ಹೆಂಗಸರೆಲ್ಲರ ಧ್ವನಿ ಇಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದವರು — ಈಗ ಅದರ ಹೆಸರು ಬದಲಾಗಿದೆ — 1966ರಷ್ಟು ಹಿಂದೆಯೇ ಹೋರಾಟಗಾರರ ಮಾತು ಮುದ್ರಿಸಿಕೊಳ್ಳಲು ಸುರು ಮಾಡಿದ್ದರು. ಅಲ್ಲಿಗೆ ಹೋದದ್ದು ದೊಡ್ಡವರ ಮಾತು. ಅಡುಗೆ ಮನೆಯ ತನಕ ಆ ಯಂತ್ರದ ವಯರು ಬರಲಿಲ್ಲ.

ಟ್ರಂಕಿನಲ್ಲಿ ಇನ್ನೂ ಕೆಳಗೆ ಕೈ ಹಾಕಿದರೆ ಗೇಣಿ ಚೀಟಿ. ಅದರ ಜೊತೆಗೆ ಫಾರ್ಮ್ ನಂಬರ್ ಏಳು. ಈ ಎರಡು ಕಾಗದದ ಬೆಲೆ ಈಗಿನ ಹುಡುಗರಿಗೆ ಹೇಳಿದರೂ ತಿಳಿಯುವುದಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರಕಾರದ್ದು, ಉಳುವವನು ಅರ್ಜಿ ಕೊಟ್ಟರೆ ಅವನಿಗೆ ಎಂದು ದೇವರಾಜ ಅರಸರ ಕಾನೂನು ಬಂತು. ಆ ಅರ್ಜಿಯೇ ಏಳನೇ ನಮೂನೆ. ಬರೆಯಲು ಬಾರದ ಗೇಣಿದಾರ ಯಾರದೋ ಕೈಯಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತಿ, ಟ್ರಿಬ್ಯೂನಲ್ ಎದುರು ಕೈ ಕಟ್ಟಿ ನಿಂತ. ಒಡೆಯರ ಎದುರು "ಈ ಗದ್ದೆ ನಾನು ಮಾಡಿದ್ದು" ಎಂದು ಬಾಯಿ ಬಿಟ್ಟು ಹೇಳಿದ. ತಲೆತಲಾಂತರದಿಂದ ಅಂಗಳದಲ್ಲೇ ನಿಂತವನು ಆ ಒಂದು ವಾಕ್ಯ ಹೇಳಲು ಹಿಂದಿನ ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿರಬೇಕು! ಟ್ರಿಬ್ಯೂನಲ್ಲಿನ ಕಡತದಲ್ಲಿ ಸರ್ವೆ ನಂಬರಿದೆ, ಗುಂಟೆ ಇದೆ, ಆಣೆ ಇದೆ. ಮಗ್ಗುಲು ಬದಲಿಸಿದ್ದು ಇಲ್ಲ. ದಿನಕರ ದೇಸಾಯರು ರೈತರ ಪರ ನಿಂತದ್ದಕ್ಕೆ 1940ರಲ್ಲಿ ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿದ್ದು ಪುಸ್ತಕದಲ್ಲಿ ಸಿಗುತ್ತದೆ. ಅವರ ಸಭೆಗೆ ಒಡೆಯನ ಕಣ್ಣು ತಪ್ಪಿಸಿ ಹೋಗಿ ಬಂದ ಗೇಣಿದಾರನ ಕತೆ ಮನೆಯಲ್ಲೇ ಸಿಗಬೇಕು. ಗೇಣಿ ಕಾಲ ಕಂಡವರು ಈಗ ಎಪ್ಪತ್ತು ದಾಟಿದವರು. ಹಿಂದೆ ಒಡೆಯರಾಗಿದ್ದವರ ಮನೆಯಲ್ಲೂ ಹೇಳುವ ಮಾತಿದೆ, ಅದನ್ನೂ ಕೇಳಬೇಕು. ಎರಡೂ ಕಡೆಯವರು ಒಂದೇ ದೇವಸ್ಥಾನದ ತೇರು ಎಳೆಯುವ ಊರುಗಳಿವು. ಹುಷಾರಾಗಿ ಕೇಳಬೇಕು.

ಭಟ್ಕಳದ ಕ್ಯಾಸೆಟ್ಟು

ಭಟ್ಕಳದ ಕಡೆ ಇನ್ನೊಂದು ಬಗೆ. ಅಲ್ಲಿಂದ ದುಬಾಯಿ, ಮಸ್ಕತ್ತು, ಸೌದಿ ಎಂದು ಹೋದವರಿದ್ದಾರೆ. ಫೋನು ಸಿಗದ, ಸಿಕ್ಕಿದರೂ ಮೂರು ನಿಮಿಷಕ್ಕೆ ಕೈ ಸುಡುವ ಕಾಲ ಅದು. ಗಲ್ಫಿಗೆ ಹೋದ ಜನ ಖಾಲಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಇಲ್ಲಿ ಮನೆಯವರೆಲ್ಲ ಟೇಪ್ ರಿಕಾರ್ಡರಿನ ಸುತ್ತ ಕೂತು ಕೇಳುವುದು, ಅತ್ತು ಮುಗಿಸಿ ಅದರ ಇನ್ನೊಂದು ಮಗ್ಗುಲಲ್ಲಿ ತಮ್ಮ ಮಾತು ತುಂಬಿ ವಾಪಸು ಕಳಿಸುವುದು. ಕೋಳಿ ಕೂಗಿದ್ದು, ಮಗು ಅತ್ತದ್ದು, ನೆರೆಮನೆಯವರು ನಡುವೆ ಬಾಯಿ ಹಾಕಿದ್ದು ಎಲ್ಲ ಅದರೊಳಗೆ.

ಸಂಶೋಧಕರು ಲಕ್ಷ ಖರ್ಚು ಮಾಡಿದರೂ ಇಂಥ ದಾಖಲೆ ಹುಟ್ಟಿಸಲಾರರು. ಯಾರೂ ಇತಿಹಾಸಕ್ಕೆಂದು ಮಾತಾಡಿದ್ದಲ್ಲ, ಅದಕ್ಕೇ ಅದು ಸಾಚಾ. ಆದರೆ ಆ ಕ್ಯಾಸೆಟ್ಟುಗಳ ಗತಿ? ಕೆಲವದರ ಮೇಲೆ ಸಿನಿಮಾ ಹಾಡು ತುಂಬಿಸಿದರು. ಕೆಲವು ಮಕ್ಕಳ ಕೈಗೆ ಸಿಕ್ಕಿ, ಒಳಗಿನ ಕಂದು ರೀಲು ತೆಂಗಿನ ಮರಕ್ಕೆ ಹಾರ ಆಯಿತು. ಅಳಿದುಳಿದವು ಬೂಷ್ಟು ಹಿಡಿದು ಕಪಾಟಿನಲ್ಲಿವೆ. ಯಾರ ಮನೆಯಲ್ಲಾದರೂ ಇದ್ದರೆ, ಪುಣ್ಯಾತ್ಮರೇ, ಹಳೆಯ ಟೇಪಿಗೆ ಒಮ್ಮೆಲೇ ತುರುಕಬೇಡಿ. ಹಾಳು ಯಂತ್ರ ರೀಲನ್ನು ನುಂಗಿದರೆ ಅಪ್ಪನ ಧ್ವನಿ ಹೋದಂತೆಯೇ. ಒಳಗೆ ಬಿಳಿ ಬೂಷ್ಟು ಕಂಡರೆ ಮುಟ್ಟದೆ, ಕೆಲಸ ಬಲ್ಲವರ ಹತ್ತಿರ ಕೊಡಿ. ಚೆನ್ನಾಗಿದ್ದರೆ, ಮೊದಲು ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ಯಂತ್ರ ಸರಿ ಇದೆಯೋ ನೋಡಿ, ಆಮೇಲೆ ಒಂದೇ ಸಲ ಸುರುವಿನಿಂದ ಕೊನೆಯ ತನಕ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ನೀರು ಕೇಳುವುದಿಲ್ಲ

ನಮ್ಮದು ಮಳೆಯ ಸೀಮೆ. ಜೂನ್ ಹಿಡಿದರೆ ನಾಲ್ಕು ತಿಂಗಳು ಗೋಡೆ ಬೆವರುತ್ತದೆ. ಗಾಜಿನ ಚೌಕಟ್ಟಿನಲ್ಲಿದ್ದ ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ. ಆಲ್ಬಂ ಒರಲೆಯ ಪಾಲು. ಗಾಜಿಗೆ ಅಂಟಿದ್ದನ್ನು ಎಳೆದು ತೆಗೆಯಲು ಹೋಗಿ ಅರ್ಧ ಮುಖ ಗಾಜಿನ ಮೇಲೆ, ಅರ್ಧ ಮುಖ ಕಾಗದದ ಮೇಲೆ ಮಾಡಿಕೊಂಡವರು ಬೇಕಾದಷ್ಟು ಜನ. ಎಳೆಯಬಾರದು. ಗಾಜಿನ ಮೇಲಿಂದಲೇ, ಬೆಳಕು ಓರೆಯಾಗಿ ಬೀಳುವಂತೆ ನೋಡಿಕೊಂಡು ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಕೆಲವರು ಜಾಣತನ ಮಾಡಿ ಹಳೆಯ ಚಿತ್ರಕ್ಕೆ ಲ್ಯಾಮಿನೇಶನ್ ಹೊಡೆಸುತ್ತಾರೆ. ಅದು ಹೊದಿಕೆಯಲ್ಲ, ಗೋರಿ. ಒಮ್ಮೆ ಬಿಸಿ ಪ್ಲಾಸ್ಟಿಕ್ಕು ಅಂಟಿತು ಎಂದರೆ ಬಿಡಿಸಲು ಬಾರದು.

ಮಳೆ ಬಿಟ್ಟು ಬೇರೆ ನೀರೂ ಉಂಟು. ಸೂಪಾ ಎಂಬ ಪೇಟೆ, ಒಂದು ತಾಲೂಕಿನ ಕೇಂದ್ರವೇ, ಕಾಳಿ ಅಣೆಕಟ್ಟಿನ ಕೆಳಗೆ ಮುಳುಗಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಪೇಟೆ ಎಲ್ಲಿಗೆ ಹೋಯಿತು? ಕೆಲವು ಫೋಟೋ, ಕೆಲವು ಮುದುಕರ ತಲೆ. ಅಲ್ಲಿ ಬಿಟ್ಟರೆ ಸೂಪಾ ಇಲ್ಲ. ಕಾರವಾರ, ಅಂಕೋಲೆ ನಡುವಿನ ಕಡಲತಡಿಯವರು ನೌಕಾನೆಲೆಗಾಗಿ ಎದ್ದರು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಕದಂಬ ನೆಲೆ ಸುರುವಾಯಿತು. ಪರಿಹಾರದ ಮೊಕದ್ದಮೆಯ ಕಾಗದ ಮಾತ್ರ ಎಲ್ಲರೂ ಜೋಪಾನ ಮಾಡಿದರು. ಬಿಟ್ಟು ಬಂದ ಮನೆಯ ತುಳಸಿಕಟ್ಟೆಯ ಎದುರು ನಿಂತು ಒಂದು ಫೋಟೋ ತೆಗೆಸಿಕೊಂಡವರು ಎಷ್ಟು ಮಂದಿ?

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯ ಬದಿಯಲ್ಲಿದ್ದವರು ಮಣ್ಣಿನೊಂದಿಗೆ ಗಂಗಾವಳಿಗೆ ಹೋದರು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಜೀವಕ್ಕಿಂತ ದೊಡ್ಡದಿಲ್ಲ, ನಿಜ. ಆದರೆ ಜೀವ ಹೋದ ಮೇಲೆ ಉಳಿದವರು ಹುಡುಕುವುದು ಏನನ್ನು? ಹೋದವರದೊಂದು ಫೋಟೋ. ಅದೂ ಟ್ರಂಕಿನ ಜೊತೆ ಹೊಳೆಯಲ್ಲಿ.

ಅದಕ್ಕೇ ಒಂದೇ ಮನೆಯಲ್ಲಿ ಇಟ್ಟರೆ ಸಾಲದು. ಮುಂಬಯಿಯಲ್ಲೋ ಬೆಂಗಳೂರಲ್ಲೋ ಇರುವ ಮಗನ ಹತ್ತಿರ ಒಂದು ಪ್ರತಿ, ಗಂಡನ ಮನೆಗೆ ಹೋದ ಮಗಳ ಹತ್ತಿರ ಇನ್ನೊಂದು ಇರಬೇಕು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಇದನ್ನು ಹುಡುಗರಿಗೆ ಹೇಳಿದರೆ ಒಂದು ನಿಮಿಷದಲ್ಲಿ ಮಾಡುತ್ತಾರೆ. ಹೇಳುವವರು ಬೇಕು.

ಇನ್ನು ಪೇಟೆಯ ಹಳೆಯ ಫೋಟೋ ಸ್ಟುಡಿಯೋಗಳು. ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಒಂದು ಕಾಲಕ್ಕೆ ಮದುವೆ, ನಾಮಕರಣ, ಹೆಣ್ಣು ತೋರಿಸುವ ಫೋಟೋ ಎಲ್ಲ ತೆಗೆದದ್ದು ಅವರೇ. ಮೊಬೈಲು ಬಂದ ಮೇಲೆ ಬಾಗಿಲು ಹಾಕಿದವರು ನೆಗೆಟಿವ್ವಿನ ಪೆಟ್ಟಿಗೆಗಳನ್ನು ಏನು ಮಾಡಿದರು? ಗುಜರಿಯವನಿಗೆ ತೂಕಕ್ಕೆ ಕೊಡುವ ಮೊದಲು ಯಾವುದಾದರೂ ಕಾಲೇಜಿನವರು ಹೋಗಿ ನೋಡಬಾರದೇ? ಕರಾವಳಿ ಉತ್ಸವಕ್ಕೆ ಪೆಂಡಾಲು ಹಾಕಲು ಆಗುತ್ತದೆ, ಹಾಡುವವರನ್ನು ದೂರದಿಂದ ತರಿಸಲು ಆಗುತ್ತದೆ. ಆ ಖರ್ಚಿನ ಒಂದು ಚೂರಿನಲ್ಲಿ ತಾಲೂಕಿಗೊಂದು ಸ್ಕ್ಯಾನರು, ಎರಡು ಹಾರ್ಡ್ ಡಿಸ್ಕು ಬರುತ್ತವೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಘಟ್ಟ ಇಳಿದರೆ ನಾವೇ.

"ಎಂತ ಹೇಳುದು ತಮಾ"

ಮಾತು ಮುದ್ರಿಸುವುದು ಸುಲಭ ಎಂದು ತಿಳಿದವರು ಒಮ್ಮೆ ಮಾಡಿ ನೋಡಲಿ. ಮೊಮ್ಮಗ ಮೊಬೈಲು ಹಿಡಿದು ಅಜ್ಜಿಯ ಎದುರು ಕೂತು, ಟಿವಿಯವರ ಗತ್ತಿನಲ್ಲಿ ಕೇಳುತ್ತಾನೆ:

"ಅಜ್ಜಿ, ನಿನ್ನ ಕಾಲದಲ್ಲಿ ಜೀವನ ಹೇಗಿತ್ತು?"

"ಎಂತ ಹೇಳುದು ತಮಾ. ಕಷ್ಟ ಇತ್ತು."

ಮುಗಿಯಿತು ಸಂದರ್ಶನ! ತಪ್ಪು ಅಜ್ಜಿಯದಲ್ಲ. ಅಷ್ಟು ದೊಡ್ಡ ಪ್ರಶ್ನೆಗೆ ಅಷ್ಟು ಸಣ್ಣ ಉತ್ತರವೇ ಬರುವುದು. ಅದೇ ಮೊಮ್ಮಗ, "ಅಜ್ಜಿ, ಮದುವೆ ಆಗಿ ಬರುವಾಗ ತಾರಿ ದಾಟಿ ಬಂದ್ಯಾ? ದೋಣಿಲಿ ಯಾರ್ಯಾರು ಇದ್ರು?" ಎಂದು ಕೇಳಲಿ. ಅಜ್ಜಿ ಕವಳದ ತಟ್ಟೆ ಹತ್ತಿರ ಎಳೆದುಕೊಳ್ಳುತ್ತಾಳೆ. "ಯಾರು ಅಂದ್ರೆ... ನನ್ನ ಅಪ್ಪ ಇದ್ದ, ದೊಡ್ಡಪ್ಪ ಇದ್ದ. ಅಬ್ಬೆ ಬರಲಿಲ್ಲ, ದಡದಲ್ಲೇ ನಿಂತಿತ್ತು." ಅಲ್ಲಿಂದ ಬಾಯಿ ಬಿಟ್ಟರೆ ಮಧ್ಯಾಹ್ನದ ಗಂಜಿ ಆರಿದರೂ ನಿಲ್ಲುವುದಿಲ್ಲ.

ವರ್ಷ ಕೇಳಿದರೆ ಗೊತ್ತಿರುವುದಿಲ್ಲ. ಬೇಕಾಗಿಯೂ ಇಲ್ಲ. ಗೋವೆಯಿಂದ ಪೋರ್ತುಗೀಸರನ್ನು ಓಡಿಸಿದ್ದು 1961ರ ಡಿಸೆಂಬರ್. ಲಿಂಗನಮಕ್ಕಿಯ ಅಣೆಕಟ್ಟು ಮುಗಿದದ್ದು 1964. ಗೇಣಿ ಹೋದದ್ದು 1974ರ ಮೇಲೆ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರ ಜನವರಿ 26ರಿಂದ. "ಅದಕ್ಕಿಂತ ಮೊದಲೋ, ಆಮೇಲೋ?" ಎಂದು ಕೇಳಿದರೆ ಸರಿಯಾಗಿ ಸಿಗುತ್ತದೆ. ಎರಡು ನೆನಪು ಒಂದರೊಳಗೊಂದು ಸೇರಿಕೊಂಡೂ ಇರಬಹುದು. ಅಜ್ಜಿ ಹೇಳಿದ್ದೆಲ್ಲ ಕೋರ್ಟಿನ ಸಾಕ್ಷಿಯಲ್ಲ. ತಪ್ಪಿದ್ದರೆ ನಡುವೆ ತಿದ್ದಲು ಹೋಗಬಾರದು. ತಿದ್ದಿದರೆ ಮಾತೇ ನಿಲ್ಲುತ್ತದೆ. ಆಮೇಲೆ ಪಕ್ಕದ ಮನೆಯ ಅಜ್ಜನನ್ನೂ ಕೇಳಿ ತಾಳೆ ನೋಡಬೇಕು.

ಕೈಗೆ ಏನಾದರೂ ಕೊಟ್ಟು ಕೇಳಿದರೆ ಇನ್ನೂ ಒಳ್ಳೆಯದು. ಹಳೆಯ ಅಡಕತ್ತರಿ, ಉಪ್ಪಿನ ಮರಿಗೆ, ಸಿದ್ದೆ, ಮಣಿಸರ. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿದವರ ಕೈಗೆ ಒಂದು ಹಿಡಿ ಹರಳುಪ್ಪು ಕೊಟ್ಟರೆ ಸಾಕು, ಯಾವ ತಿಂಗಳಿನ ಉಪ್ಪು ಒಳ್ಳೆಯದು ಎನ್ನುವುದರಿಂದ ಹಿಡಿದು ಕಾಲಿಗೆ ಆದ ಹುಣ್ಣಿನ ತನಕ ಎಲ್ಲ ಬರುತ್ತದೆ. ಅಘನಾಶಿನಿಯ ಗಜನಿಯಲ್ಲಿ ಕಗ್ಗ ಭತ್ತ ಬೆಳೆದವರಿಗೆ ಮೀಸೆ ಇರುವ ಆ ಕಾಳು ತೋರಿಸಿದರೂ ಹಾಗೆಯೇ. ಉಪ್ಪು ನೀರಿನಲ್ಲಿ ಕೊಳೆಯದೆ ನಿಲ್ಲುವ ಆ ಭತ್ತವನ್ನು ಬಿತ್ತುವ ಕ್ರಮ ಯಾವ ಕೃಷಿ ಅಧಿಕಾರಿ ಹೇಳಿಕೊಟ್ಟದ್ದೂ ಅಲ್ಲ, ಕಟ್ಟೆ ಕಾದವರ ಬಾಯಲ್ಲಿ ಬಂದದ್ದು.

ಯಂತ್ರದ ವಿಷಯ ಹೆಚ್ಚಿಲ್ಲ. ಫ್ಯಾನು ಬಂದ್ ಮಾಡಿ, ಫೋನು ಬಾರದಂತೆ ಮಾಡಿ, ಮೊಬೈಲನ್ನು ಮಡಚಿದ ಟವೆಲ್ಲಿನ ಮೇಲೆ ಅಜ್ಜಿಯ ಹತ್ತಿರ ಇಡುವುದು. ಬೀಚಿನಲ್ಲಿ ಕೂತು ಮಾಡುವ ಶೋಕಿ ಬೇಡ, ಗಾಳಿಯೇ ಮಾತಾಡುತ್ತದೆ. ಮೊದಲಿಗೆ ಹೆಸರು, ಊರು, ಆ ದಿನದ ತಾರೀಕು, ಕೇಳುವವರು ಯಾರು ಎನ್ನುವುದನ್ನು ಬಾಯಲ್ಲೇ ಹೇಳಿ ಮುದ್ರಿಸಬೇಕು. ಮುಕ್ಕಾಲು ಗಂಟೆ ಸಾಕು, ಉಳಿದದ್ದು ನಾಳೆ.

ಇನ್ನೊಂದು ಮುಖ್ಯ. ಕೆಲವು ಮಾತು ಬಂದಾಗ ಅಜ್ಜಿ ಕೈ ಎತ್ತುತ್ತಾಳೆ: "ಅದು ಬೇಡ, ನಿಲ್ಸು." ನಿಲ್ಲಿಸಬೇಕು. ಪಾಲಿನ ಜಗಳ ಇರುತ್ತದೆ, ಒಡೆಯರ ಮನೆಯಲ್ಲಿ ಪಟ್ಟ ಅವಮಾನ ಇರುತ್ತದೆ, ಹೆಂಗಸರು ಗಂಡಸರ ಎದುರು ಹೇಳದ ಮಾತು ಇರುತ್ತದೆ. ಹೇಳಿದರೂ ಯಾರಿಗೆ ಕೇಳಿಸಬಹುದು, ಯಾರಿಗೆ ಕೇಳಿಸಬಾರದು ಎಂದು ಅವಳನ್ನೇ ಕೇಳಿ ಬರೆದಿಡಬೇಕು. ಹಾಲಕ್ಕಿ ಹೆಂಗಸರ ಮಣಿಸರದ ಚಿತ್ರ ಕೇಳದೆ ತೆಗೆದವರು ಸಾಕಷ್ಟು ಆಯಿತು. 1883ರ ಮುಂಬಯಿ ಗೆಝೆಟಿಯರ್ ಪುಸ್ತಕದಲ್ಲಿ ಅವರ ಉಡುಗೆ, ಮನೆ, ಊಟ, ಮದುವೆ ಎಲ್ಲ ಇದೆ. ಜಾತಿಯ ವಿವರ ಇದೆ, ಮನುಷ್ಯರ ಮಾತಿಲ್ಲ. ಅದನ್ನೇ ಮೊಬೈಲಿನಲ್ಲಿ ಮತ್ತೆ ಮಾಡುವುದಾದರೆ ಕೇಳುವುದೇ ಬೇಡ.

ಓಂ ಬೀಚಿನದ್ದೂ ಒಂದು ಪ್ರಶ್ನೆ ಬಾಕಿ ಇದೆ. ಬೀಚ್ ಎನ್ನುವ ಶಬ್ದ ಪ್ರವಾಸಿಗಳ ಜೊತೆ ಬಂದದ್ದು. ಅದಕ್ಕೂ ಮೊದಲು ಆ ಎರಡು ಅರ್ಧಚಂದ್ರಗಳಿಗೆ, ನಡುವಿನ ಬಂಡೆಗೆ, ಮೇಲಿನ ಗುಡ್ಡದ ಕಾಲುದಾರಿಗೆ ಬೇಲೆಕಾನಿನವರು, ಬಲೆ ಬಿಡುವವರು ಏನೇನು ಹೆಸರು ಕರೆಯುತ್ತಿದ್ದರು? ಯಾವ ಬಂಡೆಯ ಬುಡದಲ್ಲಿ ಯಾವ ಮೀನು, ಯಾವ ತಿಂಗಳು ಅಲ್ಲಿ ನೀರಿಗೆ ಇಳಿಯಬಾರದು? ಈಗ ಪ್ರತಿ ವರ್ಷ ಪ್ರವಾಸಿಗಳು ಸೆಳೆತಕ್ಕೆ ಸಿಕ್ಕ ಸುದ್ದಿ ಬರುವಾಗ ಈ ಪ್ರಶ್ನೆ ಬರೀ ಹಳೆಯ ಕತೆಯಲ್ಲ.

ಬೇಸಿಗೆಯಲ್ಲಿ ಬಂಡಿಹಬ್ಬಕ್ಕೆ ಮುಂಬಯಿಯವರು, ಬೆಂಗಳೂರಿನವರು, ಗಂಡನ ಮನೆಗೆ ಹೋದವರು ಎಲ್ಲ ಊರಿಗೆ ಬರುತ್ತಾರೆ. ಟ್ರಂಕು ಜಗಲಿಗೆ ತರಲು ಅದೇ ಸಮಯ. ಫೋಟೋಗಳನ್ನು ಚಾಪೆಯ ಮೇಲೆ ನೆರಳಿನಲ್ಲಿ ಹರಡಿ, ನಡು ಬಿಸಿಲು ತಾಗಿಸಬೇಡಿ. ಹಿಂಬದಿಗೆ ಬಾಲ್ ಪೆನ್ನು ಬೇಡ, ಮೆತ್ತಗೆ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಿರಿ. ಎಡಗಡೆಯಿಂದ ಸುರು ಮಾಡಿ: ಇದು ಸಣ್ಣಪ್ಪಯ್ಯ, ಇದು ಮಾಸ್ತಿಯ ತಾಯಿ, ಈ ಮಗು ಉಳಿಯಲಿಲ್ಲ, ಕೊನೆಗೆ ನಿಂತವಳು... ಯಾರಿವಳು? 

ಅಜ್ಜಿಯನ್ನು ಕರೆಯಿರಿ. ಕನ್ನಡಕ ತರಲಿ.